ಮಗಳ ಫಿಟ್ಸ್ ಮಾತ್ರೆ, ಮತ್ತೆ ಕೊಲಂಬೊ ಪೋಸ್ಟಿಂಗ್: ಹೋಗೋದಾ ಬೇಡ್ವಾ?

ಪೀಣ್ಯ_ಟು_ಕೊಲಂಬೊ
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ. ನಂದು ಗಾರ್ಮೆಂಟ್ಸ್ ಲೈನು. 2018ರಿಂದ 2022ರ ಕೊನೇವರೆಗೂ ಕೊಲಂಬೊದಲ್ಲಿದ್ವಿ, ನಾನು, ಮನೆಯವ್ಳು, ಮಗಳು. ಮಗಳಿಗೆ ಆರನೇ ವಯಸ್ಸಿಂದ ಫಿಟ್ಸ್ ಇದೆ, ವ್ಯಾಲ್ಪ್ರೊಯೇಟ್ ಮತ್ತೆ ಲೆವೆಟಿರಾಸಿಟಂ ತಗೊಳ್ತಾಳೆ, ಈಗ 13 ವರ್ಷ. ಆಫೀಸಲ್ಲಿ ಇನ್ನೊಂದ್ ಮೂರ್ ವರ್ಷಕ್ಕೆ ಅಲ್ಲಿಗೇ ಹೋಗಿ ಅಂತಿದಾರೆ, ಸಂಬಳ ಚೆನ್ನಾಗಿದೆ. ಮನೆಯವ್ಳು ಕಾಲಿಡಲ್ಲ ಅಂತಿದಾಳೆ.

ಯಾಕೆ ಅಂತ ಹೇಳ್ತೀನಿ. ಶ್ರೀಲಂಕಾ ದಿವಾಳಿ ಆದ ವರ್ಷ ಅದು, 2022 ಮಾರ್ಚಲ್ಲಿ ಫಾರ್ಮಸಿಯವ್ನು "ಈ ಕಂಪನೀದು ಬಂದಿಲ್ಲ, ಬೇರೇದು ಕೊಡ್ಲಾ" ಅಂದ, ಸರಿ ಅಂದ್ವಿ. ಏಪ್ರಿಲಲ್ಲಿ "500 ಇಲ್ಲ, 250 ಇದೆ, ಎರಡೆರಡು ಕೊಡಿ." ಮೇನಲ್ಲಿ ಒಂದು ಸ್ಟ್ರಿಪ್ಪಿಗಿಂತ ಜಾಸ್ತಿ ಕೊಡಲ್ಲ ಅಂದ್ರು, ನಾಲ್ಕು ಅಂಗಡಿ ಸುತ್ತಿ ನಾಲ್ಕು ಸ್ಟ್ರಿಪ್ ತರೋದು, ನಾಲ್ಕೂ ಬೇರೆ ಬೇರೆ ಕಂಪನಿ. ಜೂನಲ್ಲಿ ಒಂದಿನ ರಾತ್ರಿ ಕರೆಂಟ್ ಇಲ್ಲ, ಸೆಕೆ, ಮಗು ಬೆಳಗಿನ ಜಾವದವರೆಗೂ ನಿದ್ದೆ ಮಾಡ್ಲಿಲ್ಲ, ಐದು ಗಂಟೆಗೆ ಬಂತು ನೋಡಿ. 14 ತಿಂಗಳು ಒಂದೂ ಬಂದಿರ್ಲಿಲ್ಲ. ಕಾರಲ್ಲಿ ಪೆಟ್ರೋಲ್ ಇಲ್ಲ. ಅಲ್ಲಿನ ಆಂಬುಲೆನ್ಸ್ ನಂಬರ್ 1990ಗೆ ಫೋನ್ ಮಾಡಿ ಆಂಬುಲೆನ್ಸ್ ಬಂತು, ಅವತ್ತು ಅದೊಂದೇ ನಮ್ಮ ಪುಣ್ಯ.

ಆದ್ರೆ ನಮ್ಮ ಕಥೆ ಏನೂ ಅಲ್ಲ. ಆಫೀಸ್ ಡ್ರೈವರ್ ತಮ್ಮ ರತ್ನಪುರ ಕಡೆ ಊರಲ್ಲಿ ಇರೋನು, ಅವನಿಗೂ ಅದೇ ಕಾಯಿಲೆ, ಸರ್ಕಾರಿ ಕ್ಲಿನಿಕ್ಕಲ್ಲಿ ಕಾರ್ಬಮಝೆಪಿನ್ ಫ್ರೀ ಸಿಗ್ತಿತ್ತು. ಒಂದ್ ತಿಂಗಳದ್ದು ಕೊಡ್ತಿದ್ದೋರು ಎರಡ್ ವಾರದ್ದು ಕೊಟ್ಟು, ಉಳಿದಿದ್ದಕ್ಕೆ ಹೊರಗಡೆ ತಗೊಳ್ಳಿ ಅಂತ ಚೀಟಿ ಬರೆದ್ರಂತೆ. ಹೊರಗಡೆ ಸಿಕ್ರೂ ರೇಟು ಏರಿತ್ತು. ದಿನಕ್ಕೆರಡು ತಗೊಳ್ಳೋನು ಯಾರಿಗೂ ಹೇಳ್ದೆ ಒಂದಕ್ಕೆ ಇಳ್ಸಿದಾನೆ. ಮನೇಲಿ ಗ್ಯಾಸ್ ಇಲ್ದೆ ಸೌದೆ ಒಲೆ ಹಚ್ತಿದ್ರು, ಒಲೆ ಮುಂದೆ ಕೂತಿದ್ದಾಗ ಫಿಟ್ಸ್ ಬಂದು ಎಡಗೈ ಮೊಣಕೈವರೆಗೂ ಸುಟ್ಟೋಯ್ತು.

ಈಗ ಕೇಳ್ತಿರೋದು ಇಷ್ಟೇ, ಎಷ್ಟು ತಿಂಗಳ ಸ್ಟಾಕ್ ತಗೊಂಡು ಹೋಗ್ಬೋದು, ಕಂಪನಿ ಬದಲಾಯಿಸಿದ್ರೆ ನಿಜವಾಗ್ಲೂ ತೊಂದ್ರೆ ಆಗತ್ತಾ, ಮತ್ತೆ ದೇಶ ದಿವಾಳಿ ಆದಾಗ ಈ ಮಾತ್ರೆಗಳೇ ಯಾಕೆ ಮಾಯ ಆಗೋದು?

ರಾಗಿಮುದ್ದೆ77
ಅಣ್ಣೋ ಹೋಗ್ಬೇಡ. ಸಂಬಳ ನೋಡ್ಕಂಡು ಮಗೀನ ಕಷ್ಟಕ್ಕೆ ದೂಡ್ಬೇಡ. ಅಷ್ಟೇ.

ಲೆಕ್ಕಾಚಾರ
ಮೂರನೇ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ, ಡಾಕ್ಟ್ರಲ್ಲ ನಾನು.

ಶ್ರೀಲಂಕಾ ತನಗೆ ಬೇಕಾದ ಔಷಧದಲ್ಲಿ 80 ಪರ್ಸೆಂಟಿಗೂ ಮೇಲೆ ಹೊರಗಿಂದ ತರ್ಸತ್ತೆ, ಅದ್ರಲ್ಲಿ ದೊಡ್ಡ ಪಾಲು ನಮ್ಮಿಂದಾನೇ. ತರ್ಸೋಕೆ ಬ್ಯಾಂಕ್ ಎಲ್‌ಸಿ (ದುಡ್ಡು ಕೊಟ್ಟೇ ಕೊಡ್ತೀವಿ ಅನ್ನೋ ಗ್ಯಾರಂಟಿ ಪತ್ರ) ತೆಗೀಬೇಕು, ಎಲ್‌ಸಿಗೆ ಡಾಲರ್ ಬೇಕು, ಡಾಲರ್ ಇರ್ಲಿಲ್ಲ. 2022 ಏಪ್ರಿಲ್ 12ಕ್ಕೆ ವಿದೇಶಿ ಸಾಲ ಕಟ್ಟೋದು ನಿಲ್ಲಿಸ್ತೀವಿ ಅಂತ ಘೋಷಣೆ ಮಾಡಿದ್ರು. ಡಾಲರಿಗೆ 200 ಇದ್ದ ಅವರ ರುಪಾಯಿ ಎರಡು ಮೂರು ತಿಂಗಳಲ್ಲಿ 360ಕ್ಕೆ ಹೋಯ್ತು. ಔಷಧಕ್ಕೆ ಬೆಲೆ ನಿಯಂತ್ರಣ ಇತ್ತು, ಆಮದು ಮಾಡೋನಿಗೆ ಹಳೇ ಬೆಲೇಲಿ ಮಾರಿದ್ರೆ ಕೈಯಿಂದ ಹೋಗತ್ತೆ. ಮಾರ್ಚಲ್ಲಿ 29 ಪರ್ಸೆಂಟ್, ಏಪ್ರಿಲ್ ಕೊನೇಲಿ ಇನ್ನೊಂದು 40 ಪರ್ಸೆಂಟ್ ಬೆಲೆ ಏರ್ಸೋಕೆ ಬಿಟ್ರು. ಅಂದ್ರೆ ಮೊದ್ಲು ಮಾತ್ರೆ ಇಲ್ಲ, ಆಮೇಲೆ ಮಾತ್ರೆ ಇದೆ ದುಡ್ಡಿಲ್ಲ.

ಇನ್ನೊಂದ್ ವಿಷ್ಯ, ಇದ್ದ ಚೂರುಪಾರು ಡಾಲರ್ ಹಂಚೋವಾಗ ಐಸಿಯು, ಆಪರೇಷನ್, ಕ್ಯಾನ್ಸರ್ ಎಲ್ಲ ಮುಂದೆ ನಿಲ್ಲತ್ತೆ, ಸುದ್ದೀಲೂ ಅದೇ ಬರೋದು. ತಿಂಗಳಿಗೊಂದ್ಸಲ ಕ್ಲಿನಿಕ್ಕಿಗೆ ಬಂದು ಸುಮ್ನೆ ಮಾತ್ರೆ ತಗೊಂಡು ಹೋಗೋ ಬಿಪಿ, ಫಿಟ್ಸ್, ಥೈರಾಯ್ಡ್ ಪೇಷಂಟು ಯಾರ ಕಣ್ಣಿಗೂ ಬೀಳಲ್ಲ.

ರಾಗಿಮುದ್ದೆ77
ಎಲ್ಲಾ ಆ ಸಾವಯವ ಗೊಬ್ಬರದ ಹುಚ್ಚಿಂದ ಆಗಿದ್ದು ಕಣಣ್ಣ. ಒಂದೇ ರಾತ್ರಿಗೆ ರಸಗೊಬ್ಬರ ಬ್ಯಾನ್ ಮಾಡಿದ್ರೆ ಏನ್ ಬೆಳೀತಾನೆ ರೈತ?

ಲೆಕ್ಕಾಚಾರ
@ರಾಗಿಮುದ್ದೆ77 ಅದೂ ಒಂದು, 2021ರದ್ದು. ಆದ್ರೆ 2019ರ ಕೊನೇಲಿ ವ್ಯಾಟ್ 15ರಿಂದ 8ಕ್ಕೆ ಇಳ್ಸಿ ಖಜಾನೆ ಖಾಲಿ ಮಾಡ್ಕೊಂಡಿದ್ದು, ಕೋವಿಡಲ್ಲಿ ಟೂರಿಸಂ ನಿಂತಿದ್ದು, ಹಳೇ ಸಾಲ, ಎಲ್ಲಾ ಸೇರ್ಕೊಂಡಿದೆ. ಬೇರೆ ಥ್ರೆಡ್ ತೆಗೀರಿ, ಇಲ್ಲಿ ಮಗೂ ವಿಷ್ಯ ನಡೀತಿದೆ.

ಗುಳಿಗಿ_ಅಂಗಡಿ
ಸರ, ನಂದು ಹುಬ್ಬಳ್ಳ್ಯಾಗ ಮೆಡಿಕಲ್ ಶಾಪ್ ಐತಿ, ಇಪ್ಪತ್ತೆರಡು ವರ್ಷ ಆತು. ನಿಮ್ಮ ಫಾರ್ಮಸಿಯಂವಾ ಮಾಡಿದ್ದು ನಾವೂ ಮಾಡ್ತೇವ್ರಿ, ಸುಳ್ಳ ಯಾಕ ಹೇಳ್ಲಿ. ಸಪ್ಲೈ ಬರ್ಲಿಲ್ಲಂದ್ರ ಬ್ಯಾರೆ ಕಂಪನಿದು ಕೊಡ್ತೇವಿ. ಸುಗರ್ ಗುಳಿಗಿಗೆ ನಡೀತದ, ಫಿಟ್ಸ್ ಗುಳಿಗಿಗೆ ಮಾತ್ರ ನಾನು ಡಾಕ್ಟರಿಗೆ ಒಂದ್ ಮಾತ ಕೇಳದ ಬದಲಿ ಕೊಡಂಗಿಲ್ಲ. ಮತ್ತೊಂದು, ಸಿಆರ್ ಅಂತ ಬರೆದಿರೋ ಗುಳಿಗಿ ಪುಡಿ ಮಾಡಿ ಕೊಡಬ್ಯಾಡ್ರಿ. ಇಡೀ ದಿನ ನಿಧಾನ ಬಿಡೋ ಔಷಧ ಒಮ್ಮೆಲೆ ಒಳಗ ಹೋಗ್ತದ. ಗುಳಿಗಿ ಕಮ್ಮಿ ಬಿದ್ದಾಗ ಮಂದಿ ಮೊದಲ ಮಾಡೋದ ಇದು, ಮುರದು ಪುಡಿ ಮಾಡಿ ಪಾಲು ಹಾಕೋದು.

ಒಂದ್ ವರ್ಷದ್ದು ಕಟ್ಟಿಕೊಂಡು ಹೋಗ್ತೀನಂದ್ರ ಎಕ್ಸ್‌ಪೈರಿ ನೋಡ್ರಿ ಮತ್ತ. ವ್ಯಾಲ್ಪ್ರೊಯೇಟ್ ಹಸಿ ಹಿಡೀತದ, ಸ್ಟ್ರಿಪ್ಪಿನಿಂದ ಬಿಚ್ಚಿ ಡಬ್ಬ್ಯಾಗ ಹಾಕಿಡಬ್ಯಾಡ್ರಿ. ಕೊಲಂಬೊ ಅಂದ್ರ ಸಮುದ್ರದ ಹವಾ.

ಅತ್ತಿಗುಪ್ಪೆ_ಆಂಟಿ
ಪಾಪ ಮಗು 😢 ನಮ್ಮ ಅತ್ತೆ ಕಡೆ ಒಬ್ರಿಗಿತ್ತು, ಬಂದ ತಕ್ಷಣ ಕೈಗೆ ಕಬ್ಬಿಣ ಕೊಟ್ರೆ ನಿಂತೋಗ್ತಿತ್ತು. ಬೀಗದ ಕೈ ಗೊಂಚಲು ಯಾವಾಗ್ಲೂ ಹತ್ರ ಇಟ್ಕೊಳ್ಳಿ.

ನರಮಂಡಲ
@ಅತ್ತಿಗುಪ್ಪೆ_ಆಂಟಿ ಅಮ್ಮಾ, ಹೆಚ್ಚಿನ ಫಿಟ್ಸ್ ಒಂದೆರಡು ನಿಮಿಷಕ್ಕೆ ತಾನಾಗೇ ನಿಲ್ಲುತ್ತೆ. ನೀವು ಬೀಗದ ಕೈ ಹುಡುಕಿ ತರೋಷ್ಟರಲ್ಲಿ ನಿಲ್ಲೋ ಟೈಮ್ ಆಗಿರುತ್ತೆ, ಹೆಸರು ಕಬ್ಬಿಣಕ್ಕೆ ಬರುತ್ತೆ. ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದ್ರೆ ಆಸ್ಪತ್ರೆ.

ಈಗ ಪೋಸ್ಟ್ ಹಾಕಿದವರಿಗೆ. ನ್ಯೂರಾಲಜಿ ನನ್ನ ಕೆಲಸ, ಆದ್ರೆ ಇಲ್ಲಿ ಹೇಳೋದು ನಿಮ್ಮ ಡಾಕ್ಟರ್ ಹತ್ರ ಕೇಳೋಕೆ ಒಂದು ಪಟ್ಟಿ ಅಂದ್ಕೊಳ್ಳಿ.

ಕಂಪನಿ ಬದಲಾವಣೆ ಬಗ್ಗೆ ಜನ ಹೆದರೋಷ್ಟು ಎಲ್ಲಾ ಮಾತ್ರೆಗೂ ಹೆದರಬೇಕಿಲ್ಲ. ಲ್ಯಾಮೊಟ್ರಿಜಿನ್ ಅನ್ನೋ ಫಿಟ್ಸ್ ಮಾತ್ರೆಯಲ್ಲಿ ಒಂದು ಜೆನೆರಿಕ್ಕಿಂದ (ಅದೇ ಔಷಧ, ಬೇರೆ ಕಂಪನಿ ಮಾಡಿದ್ದು) ಇನ್ನೊಂದು ಜೆನೆರಿಕ್ಕಿಗೆ ಬದಲಾಯಿಸಿ ನೋಡಿದ ಟ್ರಯಲ್‌ನಲ್ಲಿ ರಕ್ತದ ಮಟ್ಟದಲ್ಲಿ ದೊಡ್ಡ ವ್ಯತ್ಯಾಸ ಸಿಗಲಿಲ್ಲ. ಫೆನಿಟಾಯಿನ್ ಬೇರೆ ಜಾತಿ, ಅದಕ್ಕೆ ರಕ್ತದಲ್ಲಿ ಎಂಎಲ್‌ಗೆ 10ರಿಂದ 20 ಮೈಕ್ರೊಗ್ರಾಂ ಮಧ್ಯೆ ಇರೋ ಕಿರಿದಾದ ಜಾಗ ಇದೆ, ಡೋಸ್ ಚೂರು ಏರಿದ್ರೆ ಮಟ್ಟ ಸಿಕ್ಕಾಪಟ್ಟೆ ಏರಿ ತೂರಾಡ್ತಾರೆ, ಚೂರು ಇಳಿದ್ರೆ ಫಿಟ್ಸ್. ನಿಮ್ಮ ವಿಷಯದಲ್ಲಿ ಒಂದು ತಿಂಗಳಲ್ಲಿ ನಾಲ್ಕು ಕಂಪನಿ, 500 ಬದಲು 250, ಜೊತೆಗೆ ನಿದ್ದೆಗೇಡು. ಇದರಲ್ಲಿ ಯಾವುದು ಕಾರಣ ಅಂತ ಬೊಟ್ಟು ಮಾಡೋಕೆ ಆಗಲ್ಲ. ನನ್ನ ಕೇಳಿದ್ರೆ ಮೊದಲ ಅನುಮಾನ ನಿದ್ದೆ ಮೇಲೆ. ಆ ಮಾರ್ಚ್ ಕೊನೇಲಿ ಅಲ್ಲಿ ದಿನಕ್ಕೆ 13 ಗಂಟೆವರೆಗೂ ಕರೆಂಟ್ ಕಟ್ ಇತ್ತು. ಪೆಟ್ರೋಲಿಗೆ ರಾತ್ರಿಯಿಡೀ ಕ್ಯೂ, ಒಂದು ಹೊತ್ತಿನ ಊಟ ಬಿಡೋದು, ಮನಸ್ಸಿಗೆ ಚಿಂತೆ. ಮಾತ್ರೆ ಸರಿಯಾಗಿ ಸಿಕ್ಕವರಿಗೂ ಇವು ಫಿಟ್ಸ್ ತರಿಸಬಲ್ಲವು.

ಇನ್ನು ಒಂದು ಹೊತ್ತು ತಪ್ಪಿದ್ರೆ ಏನಾಗುತ್ತೆ ಅನ್ನೋದು ಮಾತ್ರೆ ಮೇಲೆ ಹೋಗುತ್ತೆ. ಲೆವೆಟಿರಾಸಿಟಂ ಆರೆಂಟು ಗಂಟೆಗೆ ಅರ್ಧ ಕರಗುತ್ತೆ, ಬೇಗ ಗೊತ್ತಾಗುತ್ತೆ. ಫಿನೊಬಾರ್ಬಿಟೋನ್ ಅರ್ಧ ಆಗೋಕೆ ಮೂರು ನಾಲ್ಕು ದಿನ. ಅದಕ್ಕೇ ಅದು ನಿಂತು ಒಂದೆರಡು ದಿನ ಏನೂ ಆಗದೆ, ಪರವಾಗಿಲ್ಲ ಅಂದ್ಕೊಂಡಮೇಲೆ ಸಾಲು ಸಾಲಾಗಿ ಬರುತ್ತೆ. ಅದನ್ನೂ, ಕ್ಲೊಬಜಾಮ್ ಅನ್ನೋ ಇನ್ನೊಂದು ಫಿಟ್ಸ್ ಮಾತ್ರೆಯನ್ನೂ ಏಕಾಏಕಿ ನಿಲ್ಲಿಸೋದು ಎಲ್ಲಕ್ಕಿಂತ ಅಪಾಯ.

ಫಿನೊಬಾರ್ಬಿಟೋನ್ ಜಗತ್ತಿನ ಅಗ್ಗದ ಫಿಟ್ಸ್ ಔಷಧ, ಆದ್ರೆ 1971ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿಯಂತ್ರಿತ ವಸ್ತು. ಡಾಲರ್ ಇಲ್ಲದ ದೇಶಕ್ಕೆ ಅದರ ಜೊತೆ ಪರ್ಮಿಟ್ ಕಾಗದವೂ ಓಡಾಡಬೇಕು. ಲಾಭ ಇಲ್ಲದ ಮಾತ್ರೆಗೆ ಅಷ್ಟು ಓಡಾಡೋರು ಯಾರು?

ಕೊನೆಗೆ, ನೀವು ಕೇಳದೇ ಇರೋದು. ಹುಡುಗಿಗೆ 13. ವ್ಯಾಲ್ಪ್ರೊಯೇಟ್ ಗರ್ಭದಲ್ಲಿರೋ ಮಗುವಿಗೆ ಒಳ್ಳೇದಲ್ಲ, ದೊಡ್ಡವಳಾಗ್ತಿರೋ ಹುಡುಗಿಗೆ ಅದನ್ನೇ ಮುಂದುವರಿಸಬೇಕಾ ಅನ್ನೋ ಮಾತು ಈ ವಯಸ್ಸಲ್ಲೇ ಆಗಬೇಕು. ಬದಲಾಯಿಸೋದಿದ್ರೆ ಇಲ್ಲಿದ್ದಾಗ ನಿಧಾನವಾಗಿ ಬದಲಾಯಿಸಿ, ಅಲ್ಲಿಗೆ ಹೋಗಿ ಅಲ್ಲ. ನೀವಾಗೇ ನಿಲ್ಲಿಸಬೇಡಿ ಮತ್ತೆ.

ಪೀಣ್ಯ_ಟು_ಕೊಲಂಬೊ
ಸರ್ ತುಂಬಾ ಥ್ಯಾಂಕ್ಸ್. ವ್ಯಾಲ್ಪ್ರೊಯೇಟ್ ವಿಷ್ಯ ಯಾರೂ ಹೇಳಿರ್ಲಿಲ್ಲ, ಮುಂದಿನ ವಾರಾನೇ ಕೇಳ್ತೀನಿ.

ಕುಡ್ಲದ_ಹುಡುಗ
ನಾನು ದುಬಾಯಿಯಲ್ಲಿ ಇರುವುದು ಮಾರಾಯ್ರೆ. ನಮ್ಮ ಆಫೀಸಿನಲ್ಲಿ ಒಬ್ಬ ಲೆಬನಾನಿನವ ಇದ್ದಾನೆ, ಅವನ ತಾಯಿಗೆ ಫಿಟ್ಸ್ ಉಂಟು. 2021ರಲ್ಲಿ ಅವ ಊರಿಗೆ ಹೋಗುವಾಗ ಸೂಟ್‌ಕೇಸಿನಲ್ಲಿ ಬಟ್ಟೆ ಇಲ್ಲ, ಬರೀ ಮಾತ್ರೆ. ತಾಯಿಯದ್ದು ಮಾತ್ರ ಅಲ್ಲ, ಇಡೀ ಬಿಲ್ಡಿಂಗಿನವರದ್ದು. ಅಲ್ಲಿಯೂ ದೇಶ ದಿವಾಳಿ, ಆದರೆ ಕತೆ ಬೇರೆ ರೀತಿ. ಸೆಂಟ್ರಲ್ ಬ್ಯಾಂಕ್ ಹಳೆ ರೇಟಿನಲ್ಲಿ ಡಾಲರ್ ಕೊಟ್ಟು ಔಷಧಕ್ಕೆ ಸಬ್ಸಿಡಿ ಮಾಡ್ತಿತ್ತು, ಸಬ್ಸಿಡಿ ಹೋಗ್ತದೆ ಅಂತ ಸುದ್ದಿ ಬಂದದ್ದೇ ತಡ, ದೊಡ್ಡ ವ್ಯಾಪಾರಿಗಳು ದಾಸ್ತಾನು ಅಡಗಿಸಿ ಇಟ್ಟರು. 2021 ಆಗಸ್ಟಿನಲ್ಲಿ ಆರೋಗ್ಯ ಮಂತ್ರಿ ಹಮದ್ ಹಸನ್ ಸ್ವತಃ ಗೋದಾಮಿಗೆ ರೇಡ್ ಮಾಡಿದ್ದು ಟಿವಿಯಲ್ಲೆಲ್ಲ ಬಂದಿತ್ತು, ಒಳಗೆ ನೋಡಿದ್ರೆ ರಾಶಿ ರಾಶಿ ಔಷಧ. ಹೊರಗೆ ಜನ ಮಾತ್ರೆ ಇಲ್ಲ ಅಂತ ಸಾಯುವುದು!

ಅವನ ತಾಯಿಗೆ ಮೂಲ ಬ್ರ್ಯಾಂಡೇ ಆಗಬೇಕು, ಭಾರತದ ಜೆನೆರಿಕ್ ಬೇಡ ಅಂತ ಹಠ. ನಾನು ನಮ್ಮೂರಿನಿಂದ ತರಿಸಿ ಕೊಡ್ತೇನೆ ಅಂದೆ, ಕೇಳಲಿಲ್ಲ. ಆಮೇಲೆ ಎರಡು ತಿಂಗಳು ಏನೂ ಸಿಗದೆ ಅದೇ ತಗೊಂಡ್ರು. ಏನೂ ಆಗಲಿಲ್ಲ.

ರಾಗಿಮುದ್ದೆ77
ನಮ್ ದೇಶದಲ್ಲಿ ಇಂಥದ್ದೆಲ್ಲಾ ಆಗಲ್ಲ ಬುಡಣ್ಣ. ನಾವೇ ಲೋಕಕ್ಕೆಲ್ಲಾ ಮಾತ್ರೆ ಕೊಡೋರು. ಲಂಕಾಗೂ ಹಡಗಲ್ಲಿ ಕಳ್ಸಿದ್ದು ನಾವೇ.

ಲೆಕ್ಕಾಚಾರ
ಕಳ್ಸಿದ್ದು ಹೌದು. ಮಾರ್ಚ್ 2022ರಲ್ಲಿ ಊಟ ಔಷಧಕ್ಕೆ ಅಂತ 100 ಕೋಟಿ ಡಾಲರ್ ಸಾಲ, ಎಸ್‌ಬಿಐ ಮೂಲಕ. ಅದೇ ತಿಂಗಳ ಕೊನೇಲಿ ಜೈಶಂಕರ್ ಕೊಲಂಬೊದಲ್ಲಿದ್ದಾಗ ಪೆರಾದೆನಿಯ ಆಸ್ಪತ್ರೇಲಿ ಔಷಧ ಇಲ್ದೆ ಆಪರೇಷನ್ ನಿಲ್ಸಿದ ಸುದ್ದಿ ಬಂತು. ಆಮೇಲೆ ಐಎನ್‌ಎಸ್ ಘರಿಯಾಲ್ ಹಡಗಲ್ಲಿ ಏಪ್ರಿಲಲ್ಲಿ ಆ ಆಸ್ಪತ್ರೆಗೆ, ಮೇನಲ್ಲಿ 25 ಟನ್ ಇನ್ನೊಂದ್ ಕಂತು. ಒಳ್ಳೇ ಕೆಲ್ಸ. ಆದ್ರೆ ಹಡಗು ಒಂದ್ಸಲ ಬರತ್ತೆ, ಫಿಟ್ಸ್ ಮಾತ್ರೆ ದಿನಾ ಬೇಕು. "ನಮ್ಮಲ್ಲಿ ಆಗಲ್ಲ" ಅನ್ನೋದಕ್ಕೆ ಒಂದೇ ಮಾತು, ಮಾತ್ರೆ ಮಾಡೋಕೆ ನಾವು ಹೊರಗಿಂದ ತರ್ಸೋ ಕಚ್ಚಾ ಪದಾರ್ಥದಲ್ಲಿ ಅರ್ಧಕ್ಕಿಂತ ಜಾಸ್ತಿ ಚೀನಾದಿಂದ.

ಸುಮ್ನೆ_ಓದ್ತೀನಿ
ನಾನು ಬರೆಯೋದೇ ಕಮ್ಮಿ. ನನಗೇ ಇದೆ, 19 ವರ್ಷದಿಂದ. @ರಾಗಿಮುದ್ದೆ77 ನಮ್ಮಲ್ಲಿ ಆಗಲ್ಲ ಅಂದ್ರಲ್ಲ, 2020 ಲಾಕ್‌ಡೌನಲ್ಲಿ ನಾನು ಕೊಳ್ಳೇಗಾಲ ಹತ್ರ ನಮ್ಮೂರಲ್ಲಿ ಸಿಕ್ಕಾಕೊಂಡಿದ್ದೆ. ದೇಶ ದಿವಾಳಿ ಆಗಿರ್ಲಿಲ್ಲ, ಬಸ್ ಇರ್ಲಿಲ್ಲ ಅಷ್ಟೇ. ಹನ್ನೊಂದು ದಿನ ಅರ್ಧ ಡೋಸಲ್ಲಿ ಇದ್ದೆ, ಅಪ್ಪನ ಹತ್ರ ಹೇಳಿದ್ರೆ ಬೈಕ್ ತಗೊಂಡು ಹೋಗಿ ಪೊಲೀಸರ ಹತ್ರ ಏಟು ತಿಂತಾರೆ ಅಂತ ಹೇಳ್ಲಿಲ್ಲ. ಡ್ರೈವರ್ ತಮ್ಮ ಯಾಕೆ ಯಾರಿಗೂ ಹೇಳ್ಲಿಲ್ಲ ಅಂತ ನನಗೆ ಗೊತ್ತು. ಮನೇಲಿ ಅಕ್ಕಿಗೇ ಇಲ್ಲದಿದ್ದಾಗ "ನನ್ನ ಮಾತ್ರೆ" ಅನ್ನೋಕೆ ಬಾಯಿ ಬರಲ್ಲ. ಬಿದ್ದರೆ ತಾನೇ ಖರ್ಚು, ಬೀಳದೇ ಇದ್ರೆ ಉಳಿತಾಯ ಅಂತ ಮನಸ್ಸು ಲೆಕ್ಕ ಹಾಕ್ತಿರತ್ತೆ.

ಗುಳಿಗಿ_ಅಂಗಡಿ
ತಂಗಿ, ಭಾಳ ಖರೇ ಮಾತ ಹೇಳಿದಿ. ನಮ್ಮ ಅಂಗಡಿಗೂ ಹತ್ತು ಗುಳಿಗಿ ಬದಲಿ ಆರ ಸಾಕ್ರಿ ಅನ್ನೋ ಮಂದಿ ಬರ್ತಾರ. ಯಾಕ ಅಂತ ನಾ ಕೇಳಂಗಿಲ್ಲ, ಉದ್ರಿ ಬರಕೊಂಡು ಹತ್ತ ಕೊಟ್ಟು ಕಳಸ್ತೇನಿ. ಎಲ್ಲಾ ಉದ್ರಿ ವಾಪಸ್ ಬರ್ತದಂತಲ್ಲ ಮತ್ತ 😄

ನರಮಂಡಲ
ಕೊಳ್ಳೇಗಾಲ ಅಂದಿದ್ದಕ್ಕೆ ನೆನಪಾಯ್ತು. ಪಕ್ಕದ ಯಳಂದೂರಲ್ಲೇ ಡಾ. ಕೆ.ಎಸ್. ಮಣಿ ಮತ್ತವರ ತಂಡ ಹಳ್ಳಿ ಜನರಿಗೆ ಬರೀ ಫಿನೊಬಾರ್ಬಿಟೋನ್ ಅಥವಾ ಫೆನಿಟಾಯಿನ್ ಕೊಟ್ಟು ವರ್ಷಗಟ್ಟಲೆ ನೋಡಿದ್ರು, 2001ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅಗ್ಗದ ಮಾತ್ರೆಯಿಂದಲೇ ಹಳ್ಳಿಯಲ್ಲೇ ಫಿಟ್ಸ್ ಹತೋಟಿಗೆ ತರಬಹುದು ಅಂತ ತೋರಿಸಿದ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅದೇ, ಸರಿಯಾದ ಚಿಕಿತ್ಸೆ ಸಿಕ್ಕರೆ 70 ಪರ್ಸೆಂಟ್ ಜನ ಫಿಟ್ಸ್ ಇಲ್ಲದೆ ಬದುಕಬಹುದು, ವರ್ಷಕ್ಕೆ ಐದು ಡಾಲರಷ್ಟು ಕಮ್ಮಿ ಔಷಧದಲ್ಲೂ ಆಗುತ್ತೆ.

ಮತ್ತೆ ಒಲೆ ವಿಷಯ ಯಾರೂ ಮುಟ್ಟಲಿಲ್ಲ. ಗ್ಯಾಸ್ ಹೋಗಿ ಸೌದೆ ಒಲೆ, ಕರೆಂಟ್ ಹೋಗಿ ಬುಡ್ಡಿ ದೀಪ ಬಂದ್ರೆ ಫಿಟ್ಸ್ ಇರೋರ ಮನೇಲಿ ಸುಟ್ಟಗಾಯ ಹತ್ತಿರ ಆಯ್ತು ಅಂತ ಲೆಕ್ಕ. ಶ್ರೀಲಂಕಾದಲ್ಲಿ ಬಾಟಲಿ ಸೀಮೆಎಣ್ಣೆ ದೀಪ ಉರುಳಿ ಸುಡೋದು ಎಷ್ಟು ಹಳೇ ಕಥೆ ಅಂದ್ರೆ, ಗೋಡಕುಂಬುರ ಅನ್ನೋ ಸರ್ಜನ್ ಉರುಳದೇ ಇರೋ ಕುಳ್ಳು ದೀಪವನ್ನೇ ಮಾಡಿ ಹಂಚಿದ್ರು. ಬಿಕ್ಕಟ್ಟು ಬಂದಾಗ ಜನ ಹಿಂದಿನ ಅಡುಗೆಮನೆಗೆ ವಾಪಸ್ ಹೋಗ್ತಾರೆ, ಕಾಯಿಲೆ ಅಲ್ಲೇ ಕಾಯ್ತಿರುತ್ತೆ. ಯಾರ ಮನೇಲಾದ್ರೂ ಫಿಟ್ಸ್ ಇರೋರು ಇದ್ರೆ ಒಲೆ ಅವರ ಪಾಲಿಗೆ ಬಿಡಬೇಡಿ, ಬಾವಿ, ಕೆರೆ ಒಬ್ಬರನ್ನೇ ಬೇಡ.

ಅತ್ತಿಗುಪ್ಪೆ_ಆಂಟಿ
ಡಾಕ್ಟ್ರೇ ಕಬ್ಬಿಣ ಬಿಟ್ಟೆ ಆಯ್ತಾ. ಆದ್ರೆ ತಲೆಗೆ ಬಿಸಿನೀರು ಹುಯ್ಕೊಂಡ್ರೆ ಫಿಟ್ಸ್ ಬರತ್ತೆ ಅಂತಾರಲ್ಲ, ಅದೂ ಸುಳ್ಳಾ?

ನರಮಂಡಲ
ಅಲ್ಲಮ್ಮ, ಅದು ನಿಜ! ನಮ್ಮ ಕಡೆ ಅದು ಜಾಸ್ತಿ, ನಿಮ್ಹಾನ್ಸ್‌ನವರು ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಸುಡುಸುಡು ನೀರು ತಲೆ ಮೇಲೆ ಚೊಂಬು ಚೊಂಬು ಹುಯ್ಯೋದರಿಂದ ಕೆಲವರಿಗೆ ಬರುತ್ತೆ.

ಅತ್ತಿಗುಪ್ಪೆ_ಆಂಟಿ
ನೋಡಿ! ಹಳೇ ಕಾಲದೋರು ಎಲ್ಲಾ ಸುಳ್ಳು ಹೇಳಲ್ಲ.

ಕುಡ್ಲದ_ಹುಡುಗ
ಈ ಥ್ರೆಡ್ ಕೊಲಂಬೊದಿಂದ ಬಚ್ಚಲುಮನೆಗೆ ಬಂತು 😂

ಲೆಕ್ಕಾಚಾರ
ವಾಪಸ್ ಕೊಲಂಬೊಗೆ. ಐಎಂಎಫ್ 2023 ಮಾರ್ಚಲ್ಲಿ ಸುಮಾರು 300 ಕೋಟಿ ಡಾಲರಿಗೆ ಒಪ್ಕೊಂಡ್ಮೇಲೆ ಪೆಟ್ರೋಲ್, ಕರೆಂಟ್ ಸುಧಾರಿಸ್ತು. ಆದ್ರೆ ಆ ಜನವರಿಯಿಂದ ಆದಾಯ ತೆರಿಗೆ 36 ಪರ್ಸೆಂಟಿನವರೆಗೂ ಏರ್ತು, ರುಪಾಯಿ ಬೆಲೆ ಬಿದ್ದಿತ್ತು, ಡಾಕ್ಟ್ರುಗಳು ಹೊರದೇಶಕ್ಕೆ ಹೊರಟ್ರು. ವಿಶ್ವ ಬ್ಯಾಂಕ್ ಲೆಕ್ಕದಲ್ಲಿ ಬಡತನ 2021ರಲ್ಲಿ 13 ಪರ್ಸೆಂಟ್ ಇದ್ದಿದ್ದು 2022ಕ್ಕೆ 25. ಮಾತ್ರೆ ಅಂಗಡಿಗೆ ವಾಪಸ್ ಬಂತು ಅಂದ ಮಾತ್ರಕ್ಕೆ ಮನೆಗೆ ಬಂತು ಅಂತಲ್ಲ.

@ಪೀಣ್ಯ_ಟು_ಕೊಲಂಬೊ ನಿಮಗೆ ಮೂರ್ ವರ್ಷದ ಭಯ ಇದ್ರೆ ಕಂಪನಿ ಹತ್ರ ಮಗು ಔಷಧಕ್ಕೆ ಮೂರ್ ತಿಂಗಳಿಗೊಂದ್ಸಲ ಬೆಂಗಳೂರು ಟಿಕೆಟ್ ಬರೆಸ್ಕೊಳ್ಳಿ. ಸಂಬಳಕ್ಕಿಂತ ಅದು ಮುಖ್ಯ.

ನರಮಂಡಲ
ಒಳ್ಳೇ ಸಲಹೆ. ಮೂರು ತಿಂಗಳದ್ದು ಕೈಯಲ್ಲಿ, ಒಂದು ತಿಂಗಳದ್ದು ಮುಟ್ಟದೇ ಪಕ್ಕಕ್ಕೆ, ತಿಂಗಳಿಗೊಮ್ಮೆ ಹಳೇದು ಬಳಸಿ ಹೊಸದು ಇಡಿ. ಡಾಕ್ಟರ್ ಲೆಟರ್‌ನಲ್ಲಿ ಕಂಪನಿ ಹೆಸರಲ್ಲ, ಔಷಧದ ಹೆಸರು ಮತ್ತು ಡೋಸ್ ಬರೆಸಿ. ಮಾತ್ರೆ ಚೆಕ್‌ಇನ್ ಬ್ಯಾಗಲ್ಲಿ ಹಾಕಬೇಡಿ. ಮೂಗಿಗೆ ಹೊಡೆಯೋ ಮಿಡಜೋಲಾಮ್ ಸ್ಪ್ರೇ ಕೇಳಿ ಇಟ್ಕೊಳ್ಳಿ, ಅವತ್ತು ಆಂಬುಲೆನ್ಸ್ ಬರೋವರೆಗೆ ಅದಿದ್ದಿದ್ರೆ ಚೆನ್ನಾಗಿತ್ತು. ಅದು ನಿಯಂತ್ರಿತ ಔಷಧ, ಲೆಟರಲ್ಲಿ ಅದನ್ನೂ ಸೇರಿಸಿ, ಅಲ್ಲಿಗೆ ತಗೊಂಡು ಹೋಗೋ ನಿಯಮ ಮೊದಲೇ ವಿಚಾರಿಸಿ.

ರಾಗಿಮುದ್ದೆ77
ಹೋಗಣ್ಣ ಆಗಿದ್ರೆ. ಟಿಕೆಟ್ ಬರೆಸ್ಕೊಂಡು ಹೋಗು. ಮೊದ್ಲು ಬ್ಯಾಡ ಅಂದಿದ್ದು ನಾನೇ ಇರ್ಬೋದು, ಈಗ ಅರ್ಥ ಆಯ್ತು.

ಪೀಣ್ಯ_ಟು_ಕೊಲಂಬೊ
ಎಲ್ರಿಗೂ ಥ್ಯಾಂಕ್ಸ್. ಟಿಕೆಟ್ ವಿಷ್ಯ ಎಚ್‌ಆರ್ ಹತ್ರ ಹಾಕಿದೀನಿ, ಉತ್ತರ ಬಂದಿಲ್ಲ. ಮನೆಯವ್ಳು ಥ್ರೆಡ್ ಪೂರ್ತಿ ಓದಿದ್ಲು, ಓದಿ "ಆ ಡಾಕ್ಟ್ರು ನಿದ್ದೆ ಅಂದಿದಾರೆ ನೋಡಿ, ಅಲ್ಲಿ ಇನ್ವರ್ಟರ್ ಇರೋ ಮನೆ ಕೊಡ್ತಾರಾ ಕೇಳಿ" ಅಂದ್ಲು. ಒಪ್ಪಿದಾಳೆ ಅಂತಲ್ಲ.

ನಿನ್ನೆ ಡ್ರೈವರಿಗೂ ವಾಟ್ಸಾಪ್ ಮಾಡಿದ್ದೆ. ತಮ್ಮನ ಕೈ ಮಡಚೋಕೆ ಪೂರ್ತಿ ಆಗಲ್ವಂತೆ, ಟೀ ಎಸ್ಟೇಟಲ್ಲಿ ತೂಕ ಬರೆಯೋ ಕೆಲ್ಸ ಸಿಕ್ಕಿದೆಯಂತೆ. ಬರೋದಾದ್ರೆ ಅವನ ಮಾತ್ರೆನೂ ಬೆಂಗಳೂರಿಂದ ಆರ್ ತಿಂಗಳದ್ದು ತರ್ತೀನಿ ಅಂದೆ. ಬೇಡ ಸರ್, ಕ್ಲಿನಿಕ್ಕಲ್ಲಿ ಎಂಟು ತಿಂಗಳಿಂದ ಒಂದೇ ಬಣ್ಣದ ಮಾತ್ರೆ ಬರ್ತಿದೆ, ಅದನ್ನ ಬದಲಾಯಿಸೋಕೆ ಅಮ್ಮ ಬಿಡಲ್ಲ ಅಂದ.

ಗುಳಿಗಿ_ಅಂಗಡಿ
ಆ ಅಮ್ಮಗ ಹುಬ್ಬಳ್ಳಿ ಮೆಡಿಕಲ್ ಶಾಪಿನಂವ ನಮಸ್ಕಾರ ಹೇಳ್ಯಾನ ಅನ್ರಿ.